ಅತ್ತೆಯವರ ಹಾಡು ಉಳಿಯಲಿ

ಸೋದರಿಯರೇ, ಅತ್ತೆಯವರ ಹಸೆಹಾಡನ್ನು ಕಂಪ್ಯೂಟರಿನಲ್ಲಿ ಹಿಡಿದಿಡುವ ಆಸೆಯೇ? ‘ಆಡಾಸಿಟಿ’ ತಂತ್ರಾಂಶ ಸಾಕು, ಕಾಸು ಕೊಡಬೇಕಿಲ್ಲ.

ಮೊದಲು ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ. ಮೈಕು ಬಾಯಿಗೆ ಒಂದು ಗೇಣು ದೂರವಿರಲಿ. ಹಾಡಿಗೆ ಮುಂಚೆ 5 ಸೆಕೆಂಡು ಎಲ್ಲರೂ ಸುಮ್ಮನಿರಿ. ಆಮೇಲೆ ಆ ಮೌನದ ತುಣುಕನ್ನು ಗುರುತಿಸಿ, ‘ನಾಯ್ಸ್ ರಿಡಕ್ಷನ್’ನಲ್ಲಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ನಂತರ ಇಡೀ ಹಾಡನ್ನು ಗುರುತಿಸಿ ಅದನ್ನೇ ಮತ್ತೆ ತೆರೆದು ‘ಓಕೆ’ ಎನ್ನಿ. ಗುಂಯ್ ಸದ್ದು ಬಹುಮಟ್ಟಿಗೆ ಹೋಗುತ್ತದೆ. ದನಿಯ ಅಲೆ ಮೇಲಿನ ಅಂಚಿಗೆ ತಾಗದಿರಲಿ. ಒಡೆದ ದನಿ ಒಡೆದ ಹಾಲಿದ್ದಂತೆ, ಮತ್ತೆ ಕೂಡದು.

ಇನ್ನು ಹೊಸ ಆವೃತ್ತಿ ಹಾಕಿಕೊಳ್ಳುವ ಮಾತು. 2021ರಲ್ಲಿ ಬಂದ 3.0ಕ್ಕಿಂತ ಹಳೆಯದಾದರೆ, ಹಾಡಿನ ಕಡತದ ಪಕ್ಕ ‘ಡೇಟಾ’ ಎಂಬ ಫೋಲ್ಡರ್ ಇರುತ್ತದೆ. ಕಸವೆಂದು ಅಳಿಸೀರಿ, ಜೋಕೆ! ಹಾಡಿರುವುದೇ ಅದರಲ್ಲಿ. ಹೊಸದರಲ್ಲಿ ಉಳಿಸಿದ್ದು ಆ ಹಳೆಯದರಲ್ಲಿ ತೆರೆಯುವುದಿಲ್ಲ. ಆದ್ದರಿಂದ ಮೊದಲೇ ‘ಎಕ್ಸ್‌ಪೋರ್ಟ್’ ಮಾಡಿ, ‘ವೇವ್’ ರೂಪದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಡಿ. ಬರೀ ‘ಸೇವ್’ ಒತ್ತಿದರೆ ಆ ಪ್ರತಿ ಸಿಗದು. ಹೊಸ ಆವೃತ್ತಿಯನ್ನು ಆಡಾಸಿಟಿಯವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಈ ಭಾನುವಾರವೇ ಅತ್ತೆಯವರನ್ನು ಕೂರಿಸಿ ಹಾಡಿಸಿ. ತಂತ್ರಾಂಶ ಮತ್ತೆ ಹೊಸದು ಬಂದೀತು; ಆ ದನಿ ಬಾರದು.