ಒಳಮನೆಯಿಂದ: ಹತ್ತು ಕಾಳಿನ ಪರೀಕ್ಷೆ

ಕಳೆದ ತಿಂಗಳು ನಮ್ಮ ಮನೆಯಲ್ಲಿ ಪುಳಿಯೋಗರೆ ಹೋಗಿ ಮುದ್ದೆಯಾಯಿತು. ಊಟಕ್ಕೆ ಬಂದವರು ಸಂಘದ ಗೆಳತಿಯರೇ ಆದ್ದರಿಂದ ಮರ್ಯಾದೆ ಉಳಿಯಿತು. "ಅಕ್ಕಿ ಯಾವುದ್ರೀ ಅಕ್ಕಾರ?" ಎಂದು ಧಾರವಾಡದ ಗೆಳತಿ ಕೇಳಿದರು. "ಅಂಬೆಮೋಹರ್" ಎಂದೆ, ತುಸು ಜಂಬದಿಂದಲೇ. ಸೋನಾ ಮಸೂರಿಗಿಂತ ಎಷ್ಟೋ ಹೆಚ್ಚು ಕೊಟ್ಟು ತಂದಿದ್ದೆನಲ್ಲ!

ತಪ್ಪು ಅಕ್ಕಿಯದಲ್ಲ, ನನ್ನದು. ಮುಳಶಿ, ಮಾವಳದ ಕಡೆಯ ಈ ಗಿಡ್ಡ ಕಾಳು ಬೇಯುವಾಗ ಮಾವಿನ ಹೂವಿನ ಪರಿಮಳ. ಹೆಸರು ಬಂದದ್ದೂ ಅದರಿಂದಲೇ. ಅನ್ನ ಮಾತ್ರ ಮೆತ್ತಗೆ, ಅಂಟಂಟು. ವರಣ-ಭಾತಕ್ಕೆ, ಪಾಯಸಕ್ಕೆ, ಹಲ್ಲಿಲ್ಲದ ಹಿರಿಯರ ತಟ್ಟೆಗೆ ಅದಕ್ಕೆ ಸಾಟಿಯಿಲ್ಲ. ನಾವೆಲ್ಲ ಕೊಳ್ಳುವ ಇಂದ್ರಾಯಣಿಯೂ ಅದರ ಮಗಳೇ. ಅಂಬೆಮೋಹರ್ 157ನ್ನು ಐಆರ್ 8ರ ಜೊತೆ ಕೂಡಿಸಿ ಪಡೆದ ಆ ತಳಿ 1987ರಲ್ಲಿ ಬಂತು.

ಈ ಅಂಟು-ಉದುರಿನ ಗುಟ್ಟು ಪಿಷ್ಟದೊಳಗಿನ ಅಮೈಲೋಸ್ ಎಂಬ ಅಂಶದಲ್ಲಿದೆ. ಪ್ರಯೋಗಾಲಯದಲ್ಲಿ ಅಯೋಡಿನ್ ಹಾಕಿ, ಬರುವ ನೀಲಿ ಎಷ್ಟು ಗಾಢವೆಂದು ಅಳೆಯುತ್ತಾರೆ. ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಅನ್ನ ಅಂಟುತ್ತದೆ. 25 ದಾಟಿದರೆ ಉದುರುತ್ತದೆ, ಆದರೆ ಆರಿದ ಮೇಲೆ ಗಟ್ಟಿಯಾಗುತ್ತದೆ. ಡಬ್ಬಿಗೆ ಕಟ್ಟುವ ಚಿತ್ರಾನ್ನಕ್ಕೆ ನಡುವಿನದೇ ಸರಿ.

ಪುಳಿಯೋಗರೆ ಕೆಟ್ಟರೆ ನಕ್ಕು ಮರೆಯಬಹುದು. ಮರೆಯಲಾಗದ್ದು ಇನ್ನೊಂದು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. "ಗಾವಠೀ ತಾಂದೂಳ ಆಹೇ ವಹಿನೀ, ಶುಗರ್‌ಲಾ ಚಾಂಗಲಾ" ಎಂದು ಒಂದು ಅಂಗಡಿಯವನು ಹೇಳಿದ್ದನ್ನು ನಂಬಿ, ಮೂರು ತಿಂಗಳು ಅವರಿಗೆ ನಾಟಿ ಅಕ್ಕಿಯ ಅನ್ನವನ್ನೇ ಬಡಿಸಿದೆ. ನಾಟಿಯಲ್ಲವೇ ಎಂದು ಒಂದು ಸೌಟು ಹೆಚ್ಚಾಗಿಯೇ! ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು. ಅಕ್ಕಿಯನ್ನು ಅಂಗೈಯಲ್ಲಿ ಹಾಕಿ ನೋಡಿದ್ದು ಆಮೇಲೆ. ಹಾಲಿನಂತೆ ಬೆಳ್ಳಗೆ, ತೌಡಿನ ಕುರುಹೇ ಇಲ್ಲ. ನಾರು, ಕಬ್ಬಿಣ, ಬಿ1 ಜೀವಸತ್ವ ಹೆಚ್ಚಿರುವುದು ತೌಡಿನಲ್ಲೇ. ನಮ್ಮ ಹಾಸನದ ಕಡೆಯ ರಾಜಮುಡಿಯ ಕೆಂಪು ಕೂಡ ಕಾಳಿನ ಮೇಲ್ಪದರದ್ದೇ. ಪೂರ್ತಿ ಪಾಲಿಶ್ ಮಾಡಿದರೆ ಅದೂ ಬಿಳಿಯಕ್ಕಿ. ಸಾಲದ್ದಕ್ಕೆ, ಅಮೈಲೋಸ್ ಕಡಿಮೆಯಿರುವ ಮೆತ್ತನೆಯ ಅನ್ನ ಸಾಮಾನ್ಯವಾಗಿ ಬೇಗ ಅರಗಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಹೆಸರು ನಾಟಿಯಾದ ಮಾತ್ರಕ್ಕೆ ಔಷಧವಾಗುತ್ತದೆಯೇ? ಇಂಗ್ಲಿಷ್ ಬಿ.ಎ. ಓದಿದವಳಿಗೆ ಅಷ್ಟು ಹೊಳೆಯಲಿಲ್ಲ.

ಈಗ ಹೊಸ ಅಕ್ಕಿ ಬಂದರೆ ಮೊದಲು ಕಪ್ಪು ತಟ್ಟೆಯಲ್ಲಿ ಹರಡುತ್ತೇನೆ. ನುಚ್ಚು ಎಷ್ಟು, ಕಾಳಿನ ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ ಎಷ್ಟು ಎಂದು ನೋಡುತ್ತೇನೆ. ಆ ಬಿಳಿಯಿದ್ದ ಕಾಳು ಮಿಲ್ಲಿನಲ್ಲಿ ಬೇಗ ಒಡೆಯುತ್ತದೆ. ಆಮೇಲೆ ಹತ್ತು ಇಡೀ ಕಾಳುಗಳನ್ನು ಮೊಮ್ಮಗನ ಸ್ಕೇಲಿನ ಪಕ್ಕ ಉದ್ದಕ್ಕೆ ಜೋಡಿಸಿ ಅಳೆಯುವುದು, ಬೇಯಿಸಿ ಮತ್ತೆ ಅಳೆಯುವುದು. ಒಳ್ಳೆಯ ಬಾಸುಮತಿ ಸುಮಾರು ಎರಡರಷ್ಟು ನೀಳುತ್ತದೆ. ಗಿಡ್ಡಕ್ಕಿ ಅಡ್ಡಕ್ಕೇ ಉಬ್ಬುವುದು ಹೆಚ್ಚು. ಒಂದು ಹಿಡಿ ಅನ್ನ ಮುಚ್ಚಿಟ್ಟು ನಾಲ್ಕು ಗಂಟೆ ಬಿಟ್ಟು ತಿಂದು ನೋಡಿದರೆ ಉಳಿದದ್ದು ತಿಳಿಯುತ್ತದೆ. ಹಳೆಯಕ್ಕಿ ನೀರು ಹೆಚ್ಚು ಕುಡಿದು ಉದುರಾಗುತ್ತದೆ ನಿಜ, ಆದರೆ ಅಂಬೆಮೋಹರ್ ಹಳತಾದರೆ ಪರಿಮಳ ಕಳೆದುಕೊಳ್ಳುತ್ತದೆ. ಅದನ್ನು ಎರಡು ಕಿಲೋಗಿಂತ ಹೆಚ್ಚು ತರುವುದಿಲ್ಲ.

ಈಗ ನಮ್ಮಲ್ಲಿ ಮೂರು ಡಬ್ಬಿ. ಮನೆಯವರದು ತೌಡುಳಿದ ಕೆಂಪಕ್ಕಿ, ಅದೂ ಅಳೆದ ಒಂದೇ ಬಟ್ಟಲು, ಜೊತೆಗೆ ಪಲ್ಯ ಜಾಸ್ತಿ. ನಾನು ಹಿಂದಿರುಗಿದಾಗಲೆಲ್ಲ ಅವರು ನನ್ನ ಅಂಬೆಮೋಹರ್ ಪಾತ್ರೆಯ ಮುಚ್ಚಳ ಎತ್ತಿ ವಾಸನೆ ನೋಡುತ್ತಾರೆ.