ಟಯರ್ ದೊಡ್ಡದಾದರೆ ಆಕ್ಸಲ್ಲೂ ಬದಲಾಗಬೇಕು

ಕಬ್ಬು ನುರಿಸುವ ಹಂಗಾಮು ಶುರುವಾಗುವ ಹೊತ್ತಿಗೆ ಅರಕೇರಿ, ತಿಕೋಟಾ, ಬಬಲೇಶ್ವರ ಭಾಗದ ಎರೆ ಹೊಲಗಳಲ್ಲಿ ಮಳೆಯ ಹಸಿ ಇನ್ನೂ ಆರಿರುವುದಿಲ್ಲ. ಏತ ನೀರಾವರಿ ಬಂದ ಮೇಲೆ ಜೋಳ, ಕಡಲೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಕಬ್ಬು ನಿಂತಿದೆ. ಅದನ್ನು ಹೊಲದೊಳಗೇ ಟ್ರ್ಯಾಕ್ಟರ್ ಡಬ್ಬಿಗೆ ತುಂಬಿ ಡಾಂಬರ್ ರಸ್ತೆಗೆ ಎಳೆದು ತರಬೇಕು. ಸಣ್ಣ ಗಾಲಿ ಎರೆಯಲ್ಲಿ ಹುಗಿದು ಕೂರುತ್ತದೆ. ಹಾಗಾಗಿ ಡಬ್ಬಿಗೆ ಅಗಲವಾದ, ಎತ್ತರದ ಟಯರ್ ಹಾಕಿಸುವವರಿದ್ದಾರೆ. ಅವರ ಲೆಕ್ಕ ತಪ್ಪಲ್ಲ. ಟಯರ್ ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ದೊಡ್ಡ ಟಯರ್ ಅಷ್ಟೇ ಭಾರವನ್ನು ಕಡಿಮೆ ಗಾಳಿಯಲ್ಲಿ ಹೊರುವುದರಿಂದ ಕಡಿಮೆ ಹುಗಿಯುತ್ತದೆ. ನನ್ನ ತಕರಾರು ಇರುವುದು ಟಯರ್ ಹೊಸದಾದ ಮೇಲೂ ಅಡಿಯಲ್ಲಿ ಹಳೆಯ ಆಕ್ಸಲ್ಲನ್ನೇ ಉಳಿಸಿಕೊಳ್ಳುವುದರ ಬಗ್ಗೆ.

ಅಗಲದ ಟಯರ್ ಪಾಟಾಕ್ಕೆ (ಸ್ಪ್ರಿಂಗ್ ಪಟ್ಟಿಗೆ), ಡಬ್ಬಿಯ ಪಕ್ಕಕ್ಕೆ ತಾಗದಂತೆ ಗಾಲಿಯನ್ನು ಹೊರಕ್ಕೆ ಸರಿಸಬೇಕಾಗುತ್ತದೆ. ಪಾಟಾ ಕೂತ ಜಾಗದಿಂದ ಗಾಲಿಯ ನಡುಮಧ್ಯಕ್ಕೆ 10 ಸೆಂಟಿಮೀಟರ್ ಇದ್ದ ಅಂತರ 15 ಆದರೆ, ಒಂದು ಕಿಲೋ ಕಬ್ಬೂ ಹೆಚ್ಚು ಹೇರದಿದ್ದರೂ ಆಕ್ಸಲ್ಲನ್ನು ಬಾಗಿಸುವ ಬಲ ಒಂದೂವರೆ ಪಟ್ಟಾಗುತ್ತದೆ. ಗಾಲಿ ಎತ್ತರವಾದಷ್ಟೂ ತಿರುವಿನಲ್ಲಿ, ಗಾಲಿಜಾಡಿನ ಅಂಚು ಹತ್ತುವಾಗ ಅಡ್ಡಕ್ಕೆ ಬೀಳುವ ಹೊಡೆತವೂ ಹೆಚ್ಚು. ಇದೆಲ್ಲ ಸೇರುವುದು ಹಬ್ಬಿನ ಒಳಗೆ, ಆಕ್ಸಲ್ ಸಣ್ಣದಾಗುವ ಮೂಲೆಯಲ್ಲಿ. ಮುರಿದ ಆಕ್ಸಲ್ಲಿನ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಎಷ್ಟೋ ಸಲ ಒಂದು ಭಾಗ ನಯವಾಗಿ, ತುಕ್ಕು ಹಿಡಿದು ಕಪ್ಪಾಗಿರುತ್ತದೆ. ಉಳಿದದ್ದು ಸಕ್ಕರೆ ಹರಳಿನಂತೆ ಮಿನುಗುತ್ತದೆ. ಕಪ್ಪಾದ ಭಾಗ ಬಹಳ ದಿನಗಳ ಹಿಂದೆಯೇ ಬಿರುಕು ಬಿಟ್ಟದ್ದು, ಮಿನುಗುವುದು ಕೊನೆಯ ಗಳಿಗೆಯಲ್ಲಿ ಹರಿದದ್ದು. ಡಬ್ಬಿ ಓಡುತ್ತಿದ್ದಾಗಲೇ ಅದು ಅರ್ಧ ಮುರಿದಿತ್ತು ಎಂದರ್ಥ. ಅಂಥದ್ದನ್ನು ಬೆಸುಗೆ ಹಾಕಿ ಮತ್ತೆ ಕೂರಿಸುವುದು ಇನ್ನೂ ಅಪಾಯ, ಏಕೆಂದರೆ ಬೆಸುಗೆಯ ಕಾವು ತಗುಲಿದ ಉಕ್ಕು ಪಕ್ಕದಲ್ಲೇ ಪೆಡಸಾಗುತ್ತದೆ.

ಎಳೆಯುವ ಟ್ರ್ಯಾಕ್ಟರಿಗೂ ಇದೇ ಮಾತು. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಓಡುವಂಥ ಸಣ್ಣ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್‌ಗಳಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ತುಸು ಮುಂದಾಗಿ ಎಳೆಯುವಂತೆ ಗೇರ್ ಕೂರಿಸಿರುತ್ತಾರೆ. ಹಿಂದಿನ ಟಯರ್ ಮಾತ್ರ ದೊಡ್ಡದು ಮಾಡಿದರೆ ಆ ಲೆಕ್ಕ ತಪ್ಪಿ, ಗಟ್ಟಿ ನೆಲದ ಮೇಲೆ ಮುಂದಿನ ಆಕ್ಸಲ್ಲಿನ ಗೇರ್ ಸವೆಯುತ್ತದೆ.

ಖರ್ಚು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಸಹಜ. ಇಲ್ಲಿ ಉಕ್ಕಿನ ಗುಣ ರೈತನ ಪರವಾಗಿದೆ. ಚೌಕದ ಆಕ್ಸಲ್ಲಿನ ಬಾಗದೆ ನಿಲ್ಲುವ ತಾಕತ್ತು ಅದರ ದಪ್ಪದ ಘನದಂತೆ ಏರುತ್ತದೆ. 75 ಮಿಲಿಮೀಟರಿನ ಜಾಗದಲ್ಲಿ 90ರದ್ದು ಹಾಕಿದರೆ ಬೇಕಾಗುವ ಉಕ್ಕು ಒಂದೂವರೆ ಪಟ್ಟಿಗಿಂತ ಕಡಿಮೆ, ಸಿಗುವ ಬಲ 1.7 ಪಟ್ಟು. ಹಬ್, ಬೇರಿಂಗ್ ಅದಕ್ಕೆ ತಕ್ಕಂತೆ ಬದಲಾಗಲೇಬೇಕು ನಿಜ, ಆದರೆ ಲೋಡಾದ ಡಬ್ಬಿ ರಸ್ತೆಯಲ್ಲಿ ಮಗುಚಿದಾಗ ಹೋಗುವ ದಿನದ ದುಡಿಮೆ, ಕಬ್ಬು, ಕೆಲವೊಮ್ಮೆ ಹಿಂದಿನಿಂದ ಬೈಕಿನಲ್ಲಿ ಬಂದವನ ಜೀವ, ಇವುಗಳ ಮುಂದೆ ಅದು ದೊಡ್ಡ ಮೊತ್ತವಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆಕ್ಸಲ್ ಬಲವಾದರೆ ಜನ ಇನ್ನಷ್ಟು ಹೇರುತ್ತಾರೆ. ಈ ಭಯ ಸುಳ್ಳಲ್ಲ. ಅನೇಕ ಡಬ್ಬಿಗಳಿಗೆ ಸ್ವಂತ ಬ್ರೇಕೇ ಇಲ್ಲ; ಇಳಿಜಾರಿನಲ್ಲಿ ಇಡೀ ಭಾರ ಟ್ರ್ಯಾಕ್ಟರನ್ನೇ ದೂಡುತ್ತದೆ. ಹೊಲಕ್ಕೂ ಕೇಡು. ಮೇಲ್ಮಣ್ಣು ಗಟ್ಟಿಯಾಗುವುದನ್ನು ಅಗಲದ ಟಯರ್ ತಡೆಯಬಹುದು, ಆದರೆ ನೇಗಿಲು ಮುಟ್ಟದ ಆಳದ ಮಣ್ಣನ್ನು ಅದುಮುವುದು ಆಕ್ಸಲ್ಲಿನ ಮೇಲಿನ ಒಟ್ಟು ಭಾರ. ಹಾಗಾಗಿ ಆಕ್ಸಲ್ ಬದಲಾದರೂ ಆರ್‌ಸಿಯಲ್ಲಿನ ತೂಕ ಹಾಗೇ ಇರಬೇಕು. ಹೆಚ್ಚುವರಿ ಬಲವೆಲ್ಲ ಸುರಕ್ಷತೆಗೆ ಮೀಸಲು.

ಕಾನೂನು ಇಲ್ಲಿ ರೈತನಿಗೆ ದಾರಿ ತೋರಿಸುತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನಧಿಕೃತ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದು ಎಂದಿತು. ಮನಬಂದಂತೆ ವಾಹನ ಬದಲಿಸುವವರಿಗೆ ಇದು ಸರಿಯಾದ ತಡೆ. ಆದರೆ ಟ್ರ್ಯಾಕ್ಟರಿಗೆ ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಿದೆ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಎದ್ದು ನಿಲ್ಲುವ ಡಬ್ಬಿಯ ಆಕ್ಸಲ್ಲನ್ನು ಯಾರೂ ಅಳೆದು ನೋಡುವುದಿಲ್ಲ. ಭಾರದ ಪ್ರಮಾಣಪತ್ರವಿರುವ ಆಕ್ಸಲ್, ಹಬ್, ಬ್ರೇಕ್ ಮೂರನ್ನೂ ಒಟ್ಟಿಗೆ ಹಾಕಿಸಿದವರಿಗೆ ಆರ್‌ಟಿಒ ಕಚೇರಿ ತಪಾಸಣೆ ಮಾಡಿ ಆರ್‌ಸಿಯಲ್ಲಿ ದಾಖಲಿಸಿಕೊಡುವ ಸರಳ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕು.

ಸಕ್ಕರೆ ಕಾರ್ಖಾನೆಗಳೂ ಕೈ ತೊಳೆದುಕೊಳ್ಳುವಂತಿಲ್ಲ. ಒಳಬರುವ ಪ್ರತಿ ಡಬ್ಬಿಯೂ ಅವುಗಳ ತೂಕದ ಕಾಟಾ ಏರಿಯೇ ಹೋಗುತ್ತದೆ. ಎಷ್ಟು ಹೇರಲಾಗಿದೆ ಎಂಬುದು ಚೀಟಿಯಲ್ಲೇ ಮುದ್ರಣವಾಗುತ್ತದೆ. ಮಿತಿ ಮೀರಿದ ಭಾರಕ್ಕೆ ಕಾಯ್ದೆಯಲ್ಲಿ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವಿದೆ. ಅದು ಬೀಳುವುದು ರಸ್ತೆಯಲ್ಲಿ ಸಿಕ್ಕ ಚಾಲಕ, ಮಾಲೀಕರ ಮೇಲೆ. ಹಂಗಾಮಿಗೆ ಮೊದಲು ಸಾಗಣೆ ಕರಾರು ಮಾಡಿಕೊಳ್ಳುವಾಗ ಹಬ್ ಬಿಚ್ಚಿಸಿ ಆಕ್ಸಲ್ ತುದಿ ನೋಡುವುದು, ಬಿರುಕಿದ್ದರೆ ಬದಲಿಸಲು ಮುಂಗಡದಲ್ಲಿ ಒಂದು ಪಾಲು ಕೊಡುವುದು, ಬಾಡಿಗೆ ಬಿಲ್ಲಿನಲ್ಲಿ ಕಂತಾಗಿ ಹಿಡಿದುಕೊಳ್ಳುವುದು ಕಾರ್ಖಾನೆಗೆ ಕಷ್ಟದ ಕೆಲಸವಲ್ಲ. ಇದನ್ನು ಬರುವ ಹಂಗಾಮಿನ ಕರಾರಿನಲ್ಲೇ ಸೇರಿಸಲಿ.