ಪರಿಷೆಯ ದಾರಿ: ರೈಲೋ, ಕಾರೋ?



ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕೂಡುವ ಕಡಲೆಕಾಯಿ ಪರಿಷೆ ಬೆಂಗಳೂರು ಹಳ್ಳಿಗಳ ಗುಂಪಾಗಿದ್ದ ಕಾಲದ ಕುರುಹು. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವವೊಂದು ರಾತ್ರಿಯ ವೇಳೆ ಬಂದು ಮೇಯುತ್ತಿತ್ತೆಂದೂ, ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುವುದಾಗಿ ರೈತರು ಹರಕೆ ಹೊತ್ತರೆಂದೂ ಐತಿಹ್ಯ. ಆ ಹೊಲಗಳು ಇಂದು ಬಡಾವಣೆಗಳಾಗಿವೆ. ಹರಕೆ ಮಾತ್ರ ನಿಂತಿಲ್ಲ. 2025ರಲ್ಲಿ ಪರಿಷೆಯು ನವೆಂಬರ್ 17ರಿಂದ ಐದು ದಿನಗಳ ಕಾಲ ನಡೆಯಿತು. ದಿನಗಳು ಹೆಚ್ಚಿದಂತೆ ಜನವೂ ಹೆಚ್ಚಿತು. ಆದರೆ ರಸ್ತೆಯ ಅಗಲ ಇದ್ದಷ್ಟೇ ಇದೆ. ಆದುದರಿಂದ ಪರಿಷೆಗೆ ಹೋಗುವುದು ಹೇಗೆ, ರೈಲಿನಲ್ಲೋ ಕಾರಿನಲ್ಲೋ ಎಂಬ ಪ್ರಶ್ನೆಯನ್ನು ಕೇವಲ ಮನೆಯೊಳಗಿನ ಅನುಕೂಲದ ಪ್ರಶ್ನೆಯೆಂದು ಬಿಡುವಂತಿಲ್ಲ.

ಮೊದಲಿಗೆ ನನ್ನದೇ ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಪರಿಷೆಯ ಸೋಮವಾರ ಸಂಜೆ ಮಲ್ಲೇಶ್ವರದಿಂದ ಕುಟುಂಬಸಮೇತನಾಗಿ ಕಾರಿನಲ್ಲಿ ಹೊರಟೆ. ಚಾಮರಾಜಪೇಟೆಯನ್ನು ದಾಟುವುದರಲ್ಲಿಯೇ ಮುಕ್ಕಾಲು ಗಂಟೆ ಕಳೆಯಿತು. ಮುಖ್ಯರಸ್ತೆಗೆ ಪ್ರವೇಶವಿಲ್ಲವೆಂದು ಪೊಲೀಸರು ತಡೆದಾಗ ಒಂದು ಅಡ್ಡರಸ್ತೆಗೆ ತಿರುಗಿದೆ. ಅಲ್ಲಿ ಅಂಗಡಿ ಹೂಡಿದ್ದ ವಯಸ್ಸಾದ ತಾಯಿಯೊಬ್ಬರು ನನ್ನ ಕಾರಿಗೆ ದಾರಿಬಿಡಲೆಂದು ಹಾಸಿದ್ದ ಗೋಣಿತಟ್ಟನ್ನು ಮಡಿಚಿ, ಮೂಟೆಯನ್ನು ಗೋಡೆಯ ಕಡೆಗೆ ಎಳೆದುಕೊಂಡರು. ಕಾರು ಮುಂದೆ ಹೋದ ಮೇಲೆ ಮತ್ತೆ ಹಾಸಿರಬೇಕು; ಹಿಂದೆ ಬಂದ ಇನ್ನೊಂದು ಕಾರಿಗಾಗಿ ಮತ್ತೆ ಮಡಿಚಿರಬೇಕು. ಒಂದು ಮಾತನ್ನೂ ಆಡದ ಅವರ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಯಾರ ಬೆಳೆಯ ಹಬ್ಬಕ್ಕೆಂದು ಹೊರಟಿದ್ದೆನೋ ಅವರನ್ನೇ ಎಬ್ಬಿಸಿ ನಾನು ಮುಂದೆ ಸಾಗಿದ್ದೆ.

ಅಂದು ಮನೆಯಿಂದ ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣಕ್ಕೆ ನಡೆದಿದ್ದರೆ ಸಾಕಿತ್ತು. ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು ಎಂದು ನಾಲ್ಕನೆಯ ನಿಲ್ದಾಣದಲ್ಲಿ ಇಳಿಯಬಹುದಿತ್ತು. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಈ ಭಾಗ ತೆರೆದಂದಿನಿಂದ ಮಲ್ಲೇಶ್ವರಕ್ಕೂ ಬಸವನಗುಡಿಗೂ ನಡುವೆ ಇರುವ ದೂರ ನಿಮಿಷಗಳಿಗೆ ಇಳಿದಿದೆ. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್–ಚಲ್ಲಘಟ್ಟ ನೇರಳೆ ಮಾರ್ಗವು ಪೂರ್ಣವಾಗಿ ಸಂಚರಿಸುತ್ತಿದ್ದು, ಅಲ್ಲಿಂದ ಬರುವವರು ಮೆಜೆಸ್ಟಿಕ್‌ನಲ್ಲಿ ಬದಲಿಸಿಕೊಳ್ಳಬಹುದು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದಿಂದ ಬರುವ ಹಳದಿ ಮಾರ್ಗವೂ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗವನ್ನು ಕೂಡಿಕೊಂಡಿತು. ಹೀಗೆ ಊರಿನ ನಾನಾ ದಿಕ್ಕುಗಳಿಂದ ಪರಿಷೆಯ ಸಮೀಪಕ್ಕೆ ಹಳಿ ಬಂದು ಸೇರಿದೆ.

ಲೆಕ್ಕವನ್ನೂ ನೋಡೋಣ. ಆರು ಬೋಗಿಗಳ ಒಂದು ಮೆಟ್ರೊ ರೈಲು ತುಂಬಿದಾಗ ಸುಮಾರು ಎರಡು ಸಾವಿರ ಜನರನ್ನು ಒಯ್ಯುತ್ತದೆ. ಅಷ್ಟೇ ಜನ ಕಾರಿಗೆ ನಾಲ್ವರಂತೆ ಬಂದರೂ ಐದುನೂರು ಕಾರುಗಳಾದವು. ಒಂದು ಕಾರಿಗೆ ನಾಲ್ಕು ಮೀಟರು ಉದ್ದವೆಂದು ಹಿಡಿದು ಒಂದರ ಹಿಂದೊಂದು ಮುಟ್ಟಿಸಿ ನಿಲ್ಲಿಸಿದರೆ ಸಾಲು ಎರಡು ಕಿಲೋಮೀಟರಾಗುತ್ತದೆ. ಅದು ಒಂದೇ ಒಂದು ರೈಲಿನ ಜನ! 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ರಸ್ತೆಗಳನ್ನು ಯೋಜಿಸಿದವರ ಮುಂದೆ ಇದ್ದದ್ದು ನಡಿಗೆಯ ಜನ ಮತ್ತು ಗಾಡಿಗಳು. ಆ ರಸ್ತೆಗಳಿಂದ ಇಂಥ ಸಾಲನ್ನು ನುಂಗುವ ಶಕ್ತಿಯನ್ನು ಅಪೇಕ್ಷಿಸುವುದು ನ್ಯಾಯವಲ್ಲ.

ಪರಿಷೆಯಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿ ರಸ್ತೆಯೇ ಜಾತ್ರೆಯ ಬಯಲು. ಬುಲ್ ಟೆಂಪಲ್ ರಸ್ತೆಯ ಇಕ್ಕೆಲದಲ್ಲಿ ಗೋಣಿತಟ್ಟುಗಳ ಮೇಲೆ ಸುರಿದ ಕಾಯಿಯ ರಾಶಿಗಳೇ ಪರಿಷೆ. ಕೋಲಾರ, ಚಿಂತಾಮಣಿ, ಮಾಗಡಿಯ ಕಡೆಯಿಂದಲೂ ನೆರೆಯ ರಾಜ್ಯಗಳಿಂದಲೂ ಬರುವ ರೈತರು, ವ್ಯಾಪಾರಿಗಳು ಮೂಟೆಗಳನ್ನು ಮೆಟ್ರೊದಲ್ಲಿ ತರಲಾರರು. ಅವರ ಸರಕು ರಸ್ತೆಯ ಮೇಲೆಯೇ ಬರಬೇಕು, ರಸ್ತೆಯ ಬದಿಯಲ್ಲಿಯೇ ಇಳಿಯಬೇಕು. ನಾವಾದರೋ ಬರಿಗೈಯಲ್ಲಿ ಬರುವವರು; ಹಿಂದಿರುಗುವಾಗ ಒಂದೆರಡು ಸೇರು ಕಡಲೆಕಾಯಿ ಬಟ್ಟೆಯ ಚೀಲದಲ್ಲಿರುತ್ತದೆ. ಎರಡು ಸೇರು ಹೊರಲು ಕಾರು ಬೇಕೆ? ಹೊರೆ ಇರುವವರಿಗೆ ರಸ್ತೆಯನ್ನು ಬಿಟ್ಟುಕೊಟ್ಟು, ಹೊರೆಯಿಲ್ಲದವರು ರೈಲು ಹಿಡಿಯುವುದು ನನಗೆ ಕಾಣುವ ನ್ಯಾಯವಾದ ವಿಂಗಡಣೆ. ಕಾಯಕಕ್ಕೆ ಗೌರವವೆಂದರೆ ವೇದಿಕೆಯ ಮೇಲೆ ಆಡುವ ಮಾತಷ್ಟೇ ಅಲ್ಲ. ಕಾಯಕ ಮಾಡುವವರು ಕುಳಿತ ಜಾಗವನ್ನು ಕಸಿಯದಿರುವುದೂ ಗೌರವವೇ.

ಕಾರಿನ ಪಕ್ಷದ ಮಾತುಗಳನ್ನೂ ಕೇಳಬೇಕು, ಅವುಗಳಲ್ಲಿ ಹುರುಳಿದೆ. ಒಂದನೆಯದು ಖರ್ಚು. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದೂರದ ನಿಲ್ದಾಣದಿಂದ ನಾಲ್ವರು ಬಂದು ಹೋಗುವ ದರವನ್ನು ಕೂಡಿಸಿದರೆ ಕಾರಿನ ಇಂಧನವೇ ಅಗ್ಗವೆಂದು ತೋರುವುದು ಸಹಜ. ಆದರೆ ಹಾಗೆ ತೋರುವುದಕ್ಕೆ ಕಾರಣ, ಕಾರು ಆಕ್ರಮಿಸುವ ಜಾಗಕ್ಕೆ ನಾವು ಬೆಲೆ ಕೊಡದಿರುವುದು. ಆ ಬೆಲೆಯನ್ನು ಮೂಟೆ ಎಳೆದುಕೊಂಡ ಆ ತಾಯಿಯಂಥವರು ತೆರುತ್ತಾರೆ.

ಎರಡನೆಯದು ನಡಿಗೆ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ದೊಡ್ಡ ಬಸವಣ್ಣನ ಗುಡಿಗೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಗಟ್ಟಿ ಕಾಲಿನವರಿಗೆ ಗಾಂಧಿಬಜಾರಿನ ಮೂಲಕ ಸಾಗುವ ಈ ನಡಿಗೆ ಹಬ್ಬದ ಭಾಗವೇ. ಮಂಡಿನೋವಿನ ಹಿರಿಯರಿಗೆ, ಅಂಗವಿಕಲರಿಗೆ, ಹಸುಗೂಸಿನ ತಾಯಂದಿರಿಗೆ ಅದು ಶಿಕ್ಷೆ. ಇವರು ವಾಹನದಲ್ಲಿ ಬಂದರೆ ತಪ್ಪೆನ್ನಲಾಗದು. ಉಳಿದ ನಾವು ಕಾರನ್ನು ಮನೆಯಲ್ಲಿ ಬಿಟ್ಟರೆ ಅವರ ವಾಹನಕ್ಕೆ ದಾರಿಯಾದರೂ ಸಿಕ್ಕೀತು.

ಮೂರನೆಯದು ಹೊತ್ತು. ಪರಿಷೆ ಕಳೆಗಟ್ಟುವುದು ದೀಪ ಹಚ್ಚಿದ ಮೇಲೆ. ಸಾಮಾನ್ಯ ದಿನಗಳಲ್ಲಿ ಮೆಟ್ರೊದ ಕೊನೆಯ ರೈಲುಗಳು ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುತ್ತವೆ. ದುರ್ಗಾಪೂಜೆಯ ಮುಖ್ಯ ರಾತ್ರಿಗಳಲ್ಲಿ ಕೋಲ್ಕತ್ತದ ಮೆಟ್ರೊ ಬೆಳಗಿನ ಜಾವದವರೆಗೂ ಓಡುವುದುಂಟು. ನಮ್ಮಲ್ಲಿಯೂ ಊರಿನಿಂದ ಮರಳುವವರಿಗಾಗಿ 2025ರ ಜನವರಿಯಿಂದ ಸೋಮವಾರಗಳಂದು ಮುಂಜಾನೆ 4.15ಕ್ಕೇ ಸಂಚಾರ ಆರಂಭಿಸಿದ ನಿದರ್ಶನವಿದೆ. ಸೋಮವಾರದ ಬೆಳಗನ್ನು ಹಿಗ್ಗಿಸಲು ಸಾಧ್ಯವಾದರೆ ವರ್ಷಕ್ಕೊಮ್ಮೆ ಬರುವ ಪರಿಷೆಯ ಸೋಮವಾರದ ರಾತ್ರಿಯನ್ನು ಹಿಗ್ಗಿಸುವುದು ಅಸಾಧ್ಯವೇನಲ್ಲ.

ಆದುದರಿಂದ ಹೊಣೆ ಎರಡೂ ಕಡೆಗಿದೆ. ಪರಿಷೆಯ ದಿನಗಳಲ್ಲಿ ಹೆಚ್ಚಿನ ರೈಲುಗಳು, ನಿಲ್ದಾಣದಿಂದ ಗುಡಿಯ ಸಮೀಪದವರೆಗೆ ಹಿರಿಯರಿಗಾಗಿ ಸಣ್ಣ ಬಸ್ಸುಗಳು, ಕನ್ನಡದಲ್ಲಿ ದೊಡ್ಡದಾಗಿ ಬರೆದ ದಾರಿಫಲಕಗಳು, ರೈತರ ಸರಕು ಇಳಿಸಲು ನಿಗದಿತ ಹೊತ್ತು ಮತ್ತು ಜಾಗ: ಇವನ್ನು ಮುಜರಾಯಿ ಇಲಾಖೆ, ಮೆಟ್ರೊ ನಿಗಮ, ಸಂಚಾರ ಪೊಲೀಸರು ಕೂಡಿ ಯೋಜಿಸಬೇಕು. ರೈಲು ಹಿಡಿಯಿರೆಂದು ಉಪದೇಶಿಸಿ, ಇಳಿದವರನ್ನು ಕಾಲುದಾರಿಯಿಲ್ಲದೆ ಬಿಟ್ಟರೆ ಆ ಉಪದೇಶಕ್ಕೆ ಬೆಲೆಯಿರದು.

ಭಕ್ತರು ಮಾಡಬಹುದಾದುದು ಸರಳ. ಮೆಟ್ರೊ ಹತ್ತಿರವಿರುವವರು ಕಾರನ್ನು ತೆಗೆಯದಿರಲಿ. ದೂರದ ಊರುಗಳಿಂದ ಬರುವವರು ವಾಹನ ನಿಲುಗಡೆಯಿರುವ ಹೊರವಲಯದ ನಿಲ್ದಾಣದಲ್ಲಿ ಕಾರನ್ನು ಬಿಟ್ಟು ರೈಲು ಹತ್ತಲಿ. ಸಂಜೆಯ ನೂಕುನುಗ್ಗಲು ಬೇಡವೆನ್ನುವ ಹಿರಿಯರು ಬೆಳಗಿನ ಹೊತ್ತಿನಲ್ಲಿ, ಅಥವಾ ಮಂಗಳವಾರದ ಅನಂತರ ಬರಲಿ. ಪರಿಷೆ ಐದು ದಿನ ನಡೆಯುವುದಾದರೆ ಎಲ್ಲರೂ ಒಂದೇ ಸಂಜೆ ಸೇರಬೇಕಾಗಿಲ್ಲ. ಮಕ್ಕಳ ಕೈ ಹಿಡಿದು ರೈಲಿನಿಂದ ಇಳಿದು ನಡೆದರೆ ಹುರಿದ ಕಾಯಿಯ ವಾಸನೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಅವರಿಗೂ ತಿಳಿದೀತು. ಗಾಜು ಏರಿಸಿದ ಕಾರಿನೊಳಗೆ ಕುಳಿತವರಿಗೆ ಅದು ತಿಳಿಯದು.

ಅಂದಿನ ಅನಂತರ ನಾನು ಪರಿಷೆಗೆ ಕಾರಿನಲ್ಲಿ ಹೋಗಿಲ್ಲ. ಆ ತಾಯಿಯನ್ನು ಮತ್ತೆ ಗುರುತಿಸಲಾಗಿಲ್ಲ. ಆದರೂ ಪ್ರತಿ ವರ್ಷ ಅದೇ ಅಡ್ಡರಸ್ತೆಯಲ್ಲಿ ಒಂದು ಸೇರು ಕೊಳ್ಳುತ್ತೇನೆ, ಚೌಕಾಸಿ ಮಾಡದೆ.